ಚಟ ಬಿಡಿಸುವ ಕೋರ್ಟು: ಉಳಿದ ದುಡ್ಡು ಯಾರ ಜೇಬಿಗೆ?

ಇಂಗ್ಲೆಂಡಿನ ಎರಡು ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಯಾರಿಗಾದರೂ ಗೊಂದಲ ಆಗುತ್ತದೆ. ಮೊದಲನೆಯದು, ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಸಂಸ್ಥೆ 2025ರಲ್ಲಿ ಕೊಟ್ಟ ವರದಿ. ತಂದೆ ತಾಯಿಯಿಂದ ಬೇರೆ ಮಾಡಿದ ಒಂದು ಮಗುವನ್ನು ಮಕ್ಕಳ ವಸತಿಗೃಹದಲ್ಲಿ ಒಂದು ವರ್ಷ ಇಟ್ಟುಕೊಳ್ಳಲು 2023-24ರಲ್ಲಿ ಸರಾಸರಿ 3,18,400 ಪೌಂಡ್ ಖರ್ಚಾಗಿದೆ ಎನ್ನುತ್ತದೆ ಅದು. ನಮ್ಮ ಲೆಕ್ಕದಲ್ಲಿ ಮೂರು ಕೋಟಿ ರೂಪಾಯಿಗೂ ಜಾಸ್ತಿ. ಈ ಹೊರೆ ಹೊರಲಾಗದೆ ಸ್ಥಳೀಯ ಕೌನ್ಸಿಲ್‌ಗಳು ಒದ್ದಾಡುತ್ತಿವೆ.

ಎರಡನೆಯದು, ಕುಡಿತ ಮತ್ತು ಡ್ರಗ್ಸ್ ಚಟಕ್ಕೆ ಬಿದ್ದ ತಂದೆ ತಾಯಂದಿರಿಗೆಂದೇ ಇರುವ ವಿಶೇಷ ಕೌಟುಂಬಿಕ ನ್ಯಾಯಾಲಯಗಳ ಸುದ್ದಿ. ಈ ಕೋರ್ಟುಗಳಲ್ಲಿ ಹೆಚ್ಚು ಪೋಷಕರು ಚಟ ಬಿಡುತ್ತಾರೆ, ಹೆಚ್ಚು ಮಕ್ಕಳು ಮನೆಗೆ ಮರಳುತ್ತಾರೆ, ಹಾಕಿದ ಒಂದು ಪೌಂಡಿಗೆ ಎರಡಕ್ಕಿಂತ ಜಾಸ್ತಿ ಉಳಿಯುತ್ತದೆ ಎಂದು ಒಂದರ ಹಿಂದೆ ಒಂದು ವರದಿ ಬಂದಿದೆ. ಹೀಗಿದ್ದೂ ಈ ಕೋರ್ಟುಗಳು ಇಂಗ್ಲೆಂಡಿನ ಎಲ್ಲಾ ಕಡೆ ಇಲ್ಲ. ಇರುವ ಕಡೆಯೂ ಅನುದಾನದ ಚಿಂತೆ ಬಿಟ್ಟಿಲ್ಲ. ಇವುಗಳನ್ನು ಒಟ್ಟಾಗಿ ಬೆಳೆಸಲು ಕಟ್ಟಿದ್ದ ರಾಷ್ಟ್ರೀಯ ಘಟಕವೇ 2018ರಲ್ಲಿ ದುಡ್ಡಿಲ್ಲದೆ ಬಾಗಿಲು ಹಾಕಿತು.

ದುಡ್ಡು ಉಳಿಸುವ ಕೆಲಸಕ್ಕೆ ದುಡ್ಡಿಲ್ಲ ಅಂದರೆ ಏನರ್ಥ? ಉಳಿತಾಯದ ಲೆಕ್ಕವೇ ಸುಳ್ಳೇ? ಅಥವಾ ಲೆಕ್ಕ ನಿಜವಿದ್ದೂ ಎಲ್ಲೋ ಕೊಂಡಿ ತಪ್ಪಿದೆಯೇ?

ಇದು ಶಿಕ್ಷೆ ಕೊಡುವ ಕೋರ್ಟಲ್ಲ

‘ಡ್ರಗ್ ಕೋರ್ಟ್’ ಅಂದ ಕೂಡಲೇ ನಮಗೆ ನೆನಪಾಗುವುದು ಗಾಂಜಾ ಸಾಗಿಸಿ ಸಿಕ್ಕಿಬಿದ್ದವರನ್ನು ವಿಚಾರಿಸುವ ಎನ್‌ಡಿಪಿಎಸ್ ವಿಶೇಷ ನ್ಯಾಯಾಲಯ. ಇಲ್ಲಿ ಹೇಳುತ್ತಿರುವುದು ಅದಲ್ಲ. ಈ ಕೋರ್ಟಿನಲ್ಲಿ ಆರೋಪಿ ಇಲ್ಲ, ಜೈಲು ಶಿಕ್ಷೆಯ ತೀರ್ಪಿಲ್ಲ. ಇರುವುದು ಒಂದೇ ಪ್ರಶ್ನೆ: ಈ ಮಗು ಯಾರ ಹತ್ತಿರ ಬೆಳೆಯಬೇಕು?

ಇಂಗ್ಲೆಂಡಿನಲ್ಲಿ ಮಗುವಿಗೆ ಮನೆಯಲ್ಲಿ ಗಂಭೀರ ಹಾನಿಯಾಗುತ್ತಿದೆ, ಇಲ್ಲವೇ ಆಗುವ ಸಾಧ್ಯತೆ ಇದೆ ಎಂದು ಕಂಡರೆ ಸ್ಥಳೀಯ ಕೌನ್ಸಿಲ್ 1989ರ ಮಕ್ಕಳ ಕಾಯ್ದೆಯಡಿ ಕೋರ್ಟಿಗೆ ಹೋಗಬಹುದು. ಕೋರ್ಟು ಒಪ್ಪಿದರೆ ಮಗು ಸಾಕುಪೋಷಕರ ಮನೆಗೋ, ಅಜ್ಜಿ ಮನೆಗೋ, ಕೊನೆಗೆ ದತ್ತುವಿಗೋ ಹೋಗುತ್ತದೆ. ನಾರ್ವೆ, ಜರ್ಮನಿಯಲ್ಲಿ ಭಾರತೀಯ ದಂಪತಿಗಳ ಮಕ್ಕಳನ್ನು ಸರ್ಕಾರ ವಶಕ್ಕೆ ತೆಗೆದುಕೊಂಡ ಸುದ್ದಿ ಬಂದಾಗ ನಮಗೆಲ್ಲ ಆಘಾತವಾಗಿತ್ತು, ಅಲ್ವಾ? ಆ ದೇಶಗಳಲ್ಲಿ ಮಗುವಿನ ಹೊಣೆ ಬರೀ ಮನೆಯವರದ್ದಲ್ಲ, ಸರ್ಕಾರದ್ದೂ ಹೌದು ಎಂಬ ನಂಬಿಕೆಯ ಮೇಲೆ ಕಾನೂನು ನಿಂತಿದೆ. ಅದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಈ ವಿಶೇಷ ಕೋರ್ಟು ಹುಟ್ಟಿದ್ದು ಆ ವ್ಯವಸ್ಥೆಯ ಒಳಗೇ, ಅದರ ಒಂದು ದೊಡ್ಡ ಸೋಲನ್ನು ಕಂಡು.

ಚಟದ ಅಪರಾಧಿಗಳನ್ನು ಜೈಲಿನ ಬದಲು ಚಿಕಿತ್ಸೆಗೆ ಕಳಿಸುವ ಮೊದಲ ಕೋರ್ಟು ಅಮೆರಿಕದ ಮಯಾಮಿಯಲ್ಲಿ 1989ರಲ್ಲಿ ಶುರುವಾಯಿತು. ಅದೇ ದಾರಿಯನ್ನು ಮಕ್ಕಳ ಪ್ರಕರಣಗಳಿಗೆ ತಂದದ್ದು 1990ರ ದಶಕದ ನಡುವೆ, ನೆವಾಡಾ ರಾಜ್ಯದ ರೀನೋ ಪಟ್ಟಣ. ಈಗ ಅಮೆರಿಕದಲ್ಲಿ ಇಂಥ ಕೋರ್ಟುಗಳು ಮುನ್ನೂರಕ್ಕೂ ಹೆಚ್ಚಿವೆ. ಲಂಡನ್ನಿಗೆ ಇದನ್ನು ತಂದವರು ಜಿಲ್ಲಾ ನ್ಯಾಯಾಧೀಶ ನಿಕೊಲಸ್ ಕ್ರೈಟನ್. 2008ರ ಜನವರಿಯಲ್ಲಿ ಕ್ಯಾಮ್ಡೆನ್, ಇಸ್ಲಿಂಗ್ಟನ್, ವೆಸ್ಟ್‌ಮಿನ್‌ಸ್ಟರ್ ಎಂಬ ಮೂರು ಕೌನ್ಸಿಲ್‌ಗಳ ಜೊತೆ ಪ್ರಯೋಗ ಆರಂಭವಾಯಿತು. ಆಸ್ಟ್ರೇಲಿಯಾದ ಮೆಲ್ಬರ್ನ್ 2014ರಲ್ಲಿ ಅದೇ ಹಾದಿ ಹಿಡಿಯಿತು.

ಹಳೆ ದಾರಿಯಲ್ಲಿ ಏನಾಗುತ್ತಿತ್ತು

ಸಾಮಾನ್ಯ ಕೋರ್ಟಿನಲ್ಲಿ ಇಂಥ ಪ್ರಕರಣ ಹೇಗೆ ಸಾಗುತ್ತದೆ ನೋಡಿ. ತಾಯಿ ಹೆರಾಯಿನ್ ಚಟದಲ್ಲಿದ್ದಾಳೆ. ಮಗು ಸರಿಯಾಗಿ ಊಟವಿಲ್ಲದೆ, ಲಸಿಕೆ ಇಲ್ಲದೆ ಬೆಳೆಯುತ್ತಿದೆ. ಕೌನ್ಸಿಲ್ ಕೋರ್ಟಿಗೆ ಹೋಗುತ್ತದೆ. ತಾಯಿಗೆ ಒಂದು ಪಟ್ಟಿ ಸಿಗುತ್ತದೆ: ಚಟ ಬಿಡಬೇಕು, ಮನೆ ಬದಲಿಸಬೇಕು, ಹೊಡೆಯುವ ಗೆಳೆಯನನ್ನು ಬಿಡಬೇಕು, ಮಗು ಸಾಕುವ ತರಬೇತಿಗೆ ಹೋಗಬೇಕು. ಒಂದೊಂದಕ್ಕೂ ಒಂದೊಂದು ಕಚೇರಿ. ಚಿಕಿತ್ಸೆಗೆ ಕಾಯುವವರ ಸಾಲು ಬೇರೆ. ವಾಯಿದೆಯಿಂದ ವಾಯಿದೆಗೆ ನ್ಯಾಯಾಧೀಶರೂ ಬದಲಾಗಬಹುದು. ಅವರ ಮುಂದೆ ಮಾತಾಡುವುದು ವಕೀಲರು. ತಾಯಿ ಹಿಂದೆ ಸುಮ್ನೆ ಕೂತಿರುತ್ತಾಳೆ.

ತಿಂಗಳುಗಳ ನಂತರ ತಜ್ಞರ ವರದಿ ಬರುತ್ತದೆ: ಸುಧಾರಣೆ ಸಾಲದು. ಮಗುವನ್ನು ದತ್ತು ಕೊಡುತ್ತಾರೆ. ಕಡತ ಮುಚ್ಚುತ್ತದೆ. ತಾಯಿಯ ಚಟ ಮಾತ್ರ ಹಾಗೇ ಇರುತ್ತದೆ. ಮಗುವನ್ನು ಕಳೆದುಕೊಂಡ ದುಃಖಕ್ಕೆ ಅದು ಇನ್ನೂ ಹೆಚ್ಚೂ ಆಗುತ್ತದೆ. ವರ್ಷ ಎರಡು ವರ್ಷಕ್ಕೆ ಇನ್ನೊಂದು ಹೆರಿಗೆ, ಮತ್ತದೇ ಕೋರ್ಟು. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಕ್ಯಾರನ್ ಬ್ರಾಡ್‌ಹರ್ಸ್ಟ್ ಮತ್ತು ಅವರ ತಂಡ ಕೋರ್ಟ್ ದಾಖಲೆಗಳನ್ನು ಜಾಲಾಡಿದಾಗ ಕಂಡದ್ದು ಇದೇ. ಇಂಗ್ಲೆಂಡಿನಲ್ಲಿ ಒಮ್ಮೆ ಈ ಪ್ರಕ್ರಿಯೆಗೆ ಸಿಕ್ಕ ತಾಯಂದಿರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಏಳು ವರ್ಷದೊಳಗೆ ಮತ್ತೆ ಕೋರ್ಟಿಗೆ ಬರುವ ಸಾಧ್ಯತೆ ಇದೆ. ಎಲ್ಲರದ್ದೂ ಚಟದ ಕಥೆಯಲ್ಲ, ಆದರೆ ಚಟ ಅದರಲ್ಲಿ ದೊಡ್ಡ ಪಾಲು. ಒಂದೇ ತಾಯಿಯಿಂದ ಒಂದಾದ ಮೇಲೊಂದು ಮಗುವನ್ನು ತೆಗೆಯುವ ಆದೇಶಕ್ಕೆ ಸಹಿ ಹಾಕುತ್ತಾ ಹೋದದ್ದೇ ಕ್ರೈಟನ್ ಅವರನ್ನು ಬೇರೆ ದಾರಿ ಹುಡುಕುವಂತೆ ಮಾಡಿತು.

ಮೂರು ಗಡಿಯಾರ

ಇಂಥ ಪ್ರಕರಣಗಳಲ್ಲಿ ಮೂರು ಗಡಿಯಾರ ಒಟ್ಟಿಗೆ ಓಡುತ್ತವೆ. ಒಂದಕ್ಕೊಂದು ತಾಳೆಯಾಗುವುದಿಲ್ಲ. ಇದು ಅರ್ಥವಾದರೆ ಮುಂದಿನ ವಾದ ವಿವಾದ ಅರ್ಧ ಅರ್ಥವಾದ ಹಾಗೆ.

ಮೊದಲನೆಯದು ಮಗುವಿನದ್ದು. ಆರು ತಿಂಗಳ ಕೂಸಿಗೆ ಮುಂದಿನ ಆರು ತಿಂಗಳೆಂದರೆ ಅದು ಬದುಕಿದಷ್ಟೇ ಕಾಲ. ಯಾರು ಸ್ನಾನ ಮಾಡಿಸಿ, ಎತ್ತಿ ಮಲಗಿಸುತ್ತಾರೋ ಅವರೇ ಅದಕ್ಕೆ ಅಮ್ಮ. ಎರಡನೆಯದು ಚಟದ ಗಡಿಯಾರ. ಅದು ನಿಧಾನ, ನೇರವಾಗಿಯೂ ಓಡುವುದಿಲ್ಲ. ಬಿಟ್ಟು, ಜಾರಿ, ಮತ್ತೆ ಬಿಟ್ಟು, ಹಾಗೆ ಗಟ್ಟಿಯಾಗಲು ವರ್ಷಗಳೇ ಬೇಕು. ಮೂರನೆಯದು ಕಾನೂನಿನದ್ದು. ಇಂಗ್ಲೆಂಡಿನಲ್ಲಿ 2014ರ ಕಾನೂನು ಇಂಥ ಪ್ರಕರಣವನ್ನು 26 ವಾರದೊಳಗೆ ಮುಗಿಸಿ ಎನ್ನುತ್ತದೆ. ಅಗತ್ಯ ಬಿದ್ದರೆ ಒಂದು ಸಲಕ್ಕೆ ಎಂಟು ವಾರದಂತೆ ವಿಸ್ತರಿಸಬಹುದು. ಅಮೆರಿಕದಲ್ಲಿ 1997ರ ಕಾಯ್ದೆಯ ಪ್ರಕಾರ ಹಿಂದಿನ 22 ತಿಂಗಳಲ್ಲಿ 15 ತಿಂಗಳು ಮಗು ಹೊರಗಿನ ಆರೈಕೆಯಲ್ಲಿದ್ದರೆ, ಕೆಲವು ವಿನಾಯಿತಿ ಬಿಟ್ಟು, ತಂದೆ ತಾಯಿಯ ಹಕ್ಕನ್ನೇ ರದ್ದು ಮಾಡುವ ಅರ್ಜಿಯನ್ನು ಸರ್ಕಾರ ಹಾಕಲೇಬೇಕು.

ಕಾನೂನು ಮಗುವಿನ ಗಡಿಯಾರಕ್ಕೆ ತಕ್ಕಂತೆ ಗಡುವು ಹಾಕಿದ್ದು ಸರಿಯಾಗಿಯೇ ಇದೆ. ವರ್ಷಗಟ್ಟಲೆ ಕಾಯಿಸಿದರೆ ಮಗುವಿಗೆ ಅನ್ಯಾಯ. ಆದರೆ ಆ 26 ವಾರದಲ್ಲಿ ಹತ್ತು ವಾರ ಚಿಕಿತ್ಸೆಯ ಸಾಲಿನಲ್ಲಿ ನಿಂತೇ ಕಳೆದರೆ ತಾಯಿಗೆ ಸಿಕ್ಕ ಅವಕಾಶ ಕಾಗದದ ಮೇಲಿನದ್ದು ಮಾತ್ರ. ವಿಶೇಷ ಕೋರ್ಟು ಮಾಡುವ ಮುಖ್ಯ ಕೆಲಸ ಇಲ್ಲೇ ಇದೆ. ಅದು ಗಡುವನ್ನು ತೆಗೆದುಹಾಕುವುದಿಲ್ಲ. ಗಡುವಿನೊಳಗಿನ ಒಂದೊಂದು ವಾರವನ್ನೂ ಬಳಸಿಕೊಳ್ಳುತ್ತದೆ.

ಹದಿನೈದು ದಿನಕ್ಕೊಮ್ಮೆ, ವಕೀಲರಿಲ್ಲದೆ

ಕೋರ್ಟಿನ ಜೊತೆಗೇ ಒಂದು ತಂಡ ಇರುತ್ತದೆ: ಸಮಾಜ ಕಾರ್ಯಕರ್ತರು, ಚಟ ಬಿಡಿಸುವ ಪರಿಣತರು, ಮನೋವೈದ್ಯರು, ಮನಶ್ಶಾಸ್ತ್ರಜ್ಞರು. ತಾಯಿ ಅಥವಾ ತಂದೆ ಒಪ್ಪಿ ಸೇರಿದ ಕೂಡಲೇ ಇವರು ಪರೀಕ್ಷೆ ಮಾಡಿ ಚಿಕಿತ್ಸೆಯ ಯೋಜನೆ ಬರೆಯುತ್ತಾರೆ. ಒಪ್ಪಿಗೆ ಇಲ್ಲದೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಸೇರದವರ ಪ್ರಕರಣ ಸಾಮಾನ್ಯ ಕೋರ್ಟಿನಲ್ಲೇ ನಡೆಯುತ್ತದೆ.

ಆಮೇಲೆ ಹದಿನೈದು ದಿನಕ್ಕೊಮ್ಮೆ ಅದೇ ನ್ಯಾಯಾಧೀಶರ ಮುಂದೆ ಬರಬೇಕು. ಈ ಭೇಟಿಗೆ ವಕೀಲರು ಇರುವುದಿಲ್ಲ. ತಾಯಿ ಎದುರಿಗೆ ಕೂತು ತಾನೇ ಮಾತಾಡುತ್ತಾಳೆ. ಹೋದ ಸಲ ಮಗುವಿಗೆ ಜ್ವರ ಅಂದಿದ್ದಿರಿ, ಈಗ ಹೇಗಿದೆ? ಮಂಗಳವಾರ ಪರೀಕ್ಷೆಗೆ ಯಾಕೆ ಬರಲಿಲ್ಲ? ವಾರಾಂತ್ಯದಲ್ಲಿ ಕುಡಿದೆ ಎಂದು ನೀವೇ ಹೇಳಿದ್ದೀರಿ, ಅದಕ್ಕೆ ಮುಂಚೆ ಏನಾಯಿತು? ಇಂಥ ಪ್ರಶ್ನೆಗಳು. ಒಮ್ಮೆ ಜಾರಿದರೆ ಬಾಗಿಲು ಮುಚ್ಚುವುದಿಲ್ಲ. ಆದರೆ ಜಾರಿದ್ದನ್ನು ಮುಚ್ಚಿಟ್ಟರೆ ನಂಬಿಕೆ ಹೋಗುತ್ತದೆ.

ಮುಚ್ಚಿಡುವುದು ಸುಲಭವೂ ಅಲ್ಲ. ಮೂತ್ರ ಪರೀಕ್ಷೆಯ ಜೊತೆ ಕೂದಲಿನ ಪರೀಕ್ಷೆಯೂ ಇರುತ್ತದೆ. ತಲೆಯ ಹಿಂಬದಿಯಿಂದ, ಬುಡಕ್ಕೆ ಹತ್ತಿರವಾಗಿ, ಪೆನ್ಸಿಲ್ ದಪ್ಪದಷ್ಟು ಕೂದಲು ಕತ್ತರಿಸುತ್ತಾರೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ಬುಡದಿಂದ ಮೊದಲ ಸೆಂಟಿಮೀಟರ್ ತುಂಡು ಹೋದ ತಿಂಗಳ ಕಥೆ ಹೇಳಿದರೆ ಮೂರನೆಯ ತುಂಡು ಮೂರು ತಿಂಗಳ ಹಿಂದಿನದ್ದನ್ನು ಹೇಳುತ್ತದೆ. ತುದಿಯ ಕಡೆ ಹೆಚ್ಚಿದ್ದ ಪ್ರಮಾಣ ಬುಡದ ಕಡೆ ಬರುತ್ತಾ ಇಳಿದಿದ್ದರೆ, ಆಕೆ ಬಿಡುತ್ತಿದ್ದಾಳೆ ಎಂಬುದಕ್ಕೆ ಅವಳ ತಲೆಗೂದಲೇ ಸಾಕ್ಷಿ. ಇಷ್ಟು ದಿನ ಅವಳ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಈಗ ಅವಳ ಪರವಾಗಿಯೂ ಒಂದು ದಾಖಲೆ ಇದೆ.

ಮಗುವಿನ ಪರವಾಗಿ ಬೇರೆಯೇ ಒಬ್ಬ ಸ್ವತಂತ್ರ ಪಾಲಕರನ್ನು ಕೋರ್ಟು ನೇಮಿಸಿರುತ್ತದೆ. ಕಾನೂನಿನ ಅಳತೆಗೋಲೂ ಬದಲಾಗುವುದಿಲ್ಲ. ತಾಯಿಯ ಮೇಲಿನ ಕನಿಕರಕ್ಕೆ ಮಗುವನ್ನು ಕೊಡುವ ಪದ್ಧತಿ ಇಲ್ಲಿಲ್ಲ.

ಫಲಿತಾಂಶ ಏನು ಹೇಳುತ್ತದೆ

ಇಂಗ್ಲೆಂಡಿನಲ್ಲಿ ಎರಡು ಅಧ್ಯಯನಗಳನ್ನು ಮುಖ್ಯವಾಗಿ ನೋಡಬೇಕು. 2016ರಲ್ಲಿ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಿಂದ ಜೂಡಿತ್ ಹಾರ್ವಿನ್ ಅವರ ತಂಡ ಲಂಡನ್ ಪ್ರಕರಣಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಬರೆದದ್ದು ಒಂದು. ವಿಶೇಷ ಕೋರ್ಟಿಗೆ ಬಂದ ತಾಯಂದಿರಲ್ಲಿ 46% ಮಂದಿ ಪ್ರಕರಣ ಮುಗಿಯುವ ಹೊತ್ತಿಗೆ ಚಟ ಬಿಟ್ಟಿದ್ದರು. ಸಾಮಾನ್ಯ ಕೋರ್ಟಿನ ತಾಯಂದಿರಲ್ಲಿ ಇದು 30%. ಮಕ್ಕಳ ಜೊತೆ ಒಂದಾದ ಕುಟುಂಬಗಳು 37% ಮತ್ತು 25%.

ಎರಡನೆಯದು 2023ರ ದೊಡ್ಡ ಮೌಲ್ಯಮಾಪನ. ಇದರಲ್ಲಿ ಅಂತರ ಇನ್ನೂ ದೊಡ್ಡದು. ಪ್ರಕರಣ ಮುಗಿಯುವಾಗ ತಮ್ಮನ್ನು ಸಾಕುತ್ತಿದ್ದ ಪೋಷಕರ ಬಳಿಗೆ ಮರಳಿದ ಮಕ್ಕಳು ವಿಶೇಷ ಕೋರ್ಟಿನಲ್ಲಿ 52%, ಸಾಮಾನ್ಯ ಕೋರ್ಟಿನಲ್ಲಿ 12.5%. ಚಟ ಬಿಟ್ಟ ಪೋಷಕರು 33.6% ಮತ್ತು 8.1%.

ಅಮೆರಿಕದಲ್ಲೂ ಗಾಳಿ ಇದೇ ದಿಕ್ಕಿಗೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ 2001ರಲ್ಲಿ ಶುರುವಾದ ಕೋರ್ಟಿನ ಅಧ್ಯಯನದಲ್ಲಿ, 24 ತಿಂಗಳೊಳಗೆ ಮನೆಗೆ ಮರಳಿದ ಮಕ್ಕಳು 42%. ಹೋಲಿಕೆ ಗುಂಪಿನಲ್ಲಿ 27%. 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗಲೂ ಕುಟುಂಬ ಒಂದಾಗುವ ಸಾಧ್ಯತೆ ಈ ಕೋರ್ಟುಗಳಲ್ಲಿ ಸ್ಪಷ್ಟವಾಗಿ ಜಾಸ್ತಿ ಇತ್ತು.

ಎಲ್ಲಕ್ಕಿಂತ ಮುಖ್ಯವಾದ ಅಂಕಿ ನನ್ನ ಪ್ರಕಾರ ಬೇರೆ. ಮನೆಗೆ ಕಳಿಸುವುದು ಸುಲಭ, ಮನೆ ಉಳಿಯಬೇಕಲ್ಲ? 2016ರ ಅಧ್ಯಯನ ಅದನ್ನೂ ನೋಡಿತು. ಒಂದಾದ ಕುಟುಂಬಗಳಲ್ಲಿ ಮೂರು ವರ್ಷವಾದ ಮೇಲೂ ಮತ್ತೆ ಚಟಕ್ಕೆ ಬೀಳದೆ, ಮತ್ತೆ ಕೋರ್ಟಿಗೆ ಹೋಗದೆ, ಮಗು ಮತ್ತೆ ಮನೆ ಬಿಡದೆ ನಿಂತವರು ಎಷ್ಟು? ವಿಶೇಷ ಕೋರ್ಟಿನಿಂದ ಹೋದವರಲ್ಲಿ 51%, ಸಾಮಾನ್ಯ ಕೋರ್ಟಿನಿಂದ ಹೋದವರಲ್ಲಿ 22%. ಇದು ಒಳ್ಳೆಯ ಸುದ್ದಿ. ಕೆಟ್ಟ ಸುದ್ದಿಯೂ ಅದರೊಳಗೇ ಇದೆ. ಚೆನ್ನಾಗಿ ನಡೆದ ಕಡೆಯಲ್ಲೂ ಹತ್ತಿರ ಹತ್ತಿರ ಅರ್ಧ ಮನೆಗಳು ಮೂರು ವರ್ಷದೊಳಗೆ ಮತ್ತೆ ಅಲುಗಾಡಿವೆ. ಕೋರ್ಟಿನ ತಂಡ ಪ್ರಕರಣ ಮುಗಿದ ಕೂಡಲೇ ಕೈಬಿಟ್ಟರೆ ಹೀಗೇ ಆಗುತ್ತದೆ.

ಹೋಲಿಕೆ ಎಷ್ಟು ನಂಬಬಹುದು

ಇಲ್ಲಿ ಎಚ್ಚರ ಬೇಕು. ವಿಶೇಷ ಕೋರ್ಟಿಗೆ ಬರುವುದು ಸ್ವಂತ ಒಪ್ಪಿಗೆಯಿಂದ. ಹಾಗಾದರೆ ಬದಲಾಗುವ ಮನಸ್ಸು ಮೊದಲೇ ಇದ್ದವರೇ ಹೆಚ್ಚು ಬಂದಿರಬಹುದು. ಅವರು ಚಟ ಬಿಟ್ಟರೆ ಅದರಲ್ಲಿ ಕೋರ್ಟಿನ ಪಾಲೆಷ್ಟು, ಅವರ ಮನಸ್ಸಿನ ಪಾಲೆಷ್ಟು? ಔಷಧ ಪ್ರಯೋಗದಲ್ಲಿ ಮಾಡುವಂತೆ ಚೀಟಿ ಎತ್ತಿ ಅರ್ಧ ತಾಯಂದಿರನ್ನು ಇತ್ತ, ಅರ್ಧ ತಾಯಂದಿರನ್ನು ಅತ್ತ ಕಳಿಸಿದ್ದರೆ ಉತ್ತರ ಸಿಗುತ್ತಿತ್ತು. ಇಂಗ್ಲೆಂಡಿನ ಈ ಎರಡೂ ಅಧ್ಯಯನ ಹಾಗೆ ಮಾಡಿದವಲ್ಲ. ಒಂದೇ ಥರದ ಪ್ರಕರಣಗಳನ್ನು ಆರಿಸಿ ಹೋಲಿಸಿವೆ. ವಯಸ್ಸು, ಚಟದ ಬಗೆ, ಹಿಂದಿನ ಪ್ರಕರಣ, ಇವನ್ನೆಲ್ಲ ಲೆಕ್ಕಕ್ಕೆ ತರಬಹುದು. ಮನಸ್ಸಿನ ಗಟ್ಟಿತನಕ್ಕೆ ಅಳತೆ ಇಲ್ಲ.

ಅದಕ್ಕೇ 52 ಮತ್ತು 12.5ರ ನಡುವಿನ ಅಂತರವನ್ನು ಪೂರ್ತಿ ಕೋರ್ಟಿನ ಖಾತೆಗೆ ಬರೆಯಬಾರದು. 2016ರಲ್ಲಿ ಕಂಡ 37 ಮತ್ತು 25ರ ಅಂತರ ಚಿಕ್ಕದು, ನನಗೆ ಹೆಚ್ಚು ನಂಬಬಹುದು ಅನ್ನಿಸುವುದೂ ಅದೇ. ಆದರೆ ದೇಶ ಬೇರೆ, ಕಾಲ ಬೇರೆ, ಸಂಶೋಧಕರು ಬೇರೆ, ದಿಕ್ಕು ಮಾತ್ರ ಪ್ರತಿಸಲ ಒಂದೇ. ಇದನ್ನು ಬರೀ ಕಾಕತಾಳೀಯ ಅನ್ನಲು ಆಗುವುದಿಲ್ಲ.

ದುಡ್ಡಿನ ಲೆಕ್ಕ

ಲಂಡನ್ ಕೋರ್ಟಿನ ಖರ್ಚು ಉಳಿತಾಯವನ್ನು ಸೆಂಟರ್ ಫಾರ್ ಜಸ್ಟಿಸ್ ಇನ್ನೋವೇಶನ್ ಎಂಬ ಸಂಸ್ಥೆ 2016ರಲ್ಲಿ ಲೆಕ್ಕ ಹಾಕಿತು. 2014-15ರಲ್ಲಿ ಬಂದ 46 ಕುಟುಂಬಗಳಿಗೆ ಆದ ಖರ್ಚು 5,60,000 ಪೌಂಡ್. ಅಂದರೆ ಕುಟುಂಬವೊಂದಕ್ಕೆ ಸುಮಾರು 12,000 ಪೌಂಡ್. ಇದರಿಂದ ಐದು ವರ್ಷದಲ್ಲಿ ಸರ್ಕಾರದ ಬೇರೆ ಬೇರೆ ಇಲಾಖೆಗಳಿಗೆ ಉಳಿಯುವ ಹಣ 12.9 ಲಕ್ಷ ಪೌಂಡ್ ಎಂಬುದು ಅಂದಾಜು. ಒಂದು ಪೌಂಡಿಗೆ 2.30 ಪೌಂಡ್ ಎಂಬ ಮಾತು ಬಂದದ್ದು ಇಲ್ಲಿಂದ.

ಉಳಿಯುವುದು ಎಲ್ಲಿ? ಮಗು ಮನೆಗೆ ಹೋದರೆ ಸಾಕುಪೋಷಕರಿಗೆ ಕೊಡುವ ಹಣ ಉಳಿಯುತ್ತದೆ. ತಂಡವೇ ಪರೀಕ್ಷೆ ಮಾಡುವುದರಿಂದ ಹೊರಗಿನ ತಜ್ಞರ ಶುಲ್ಕ, ಗಂಟೆಗಟ್ಟಲೆ ನಡೆಯುವ ವಾದದ ಖರ್ಚು ಇಳಿಯುತ್ತದೆ. ತಾಯಿ ಚಟ ಬಿಟ್ಟರೆ ಆಸ್ಪತ್ರೆ, ಪೊಲೀಸ್, ಜೈಲಿನ ಖರ್ಚೂ ತಗ್ಗುತ್ತದೆ. ಅಮೆರಿಕದ ಬಾಲ್ಟಿಮೋರ್ ನಗರದ ಅಧ್ಯಯನದಲ್ಲಿ ಮಕ್ಕಳ ಹೊರಗಿನ ಆರೈಕೆಯ ಖರ್ಚಿನಲ್ಲೇ ಕುಟುಂಬಕ್ಕೆ ಸುಮಾರು 5,000 ಡಾಲರ್ ಉಳಿತಾಯ ಕಂಡಿತ್ತು.

ಒಂದು ತಪ್ಪು ಲೆಕ್ಕ ಆಗಾಗ ಕಾಣುತ್ತದೆ. ಆರಂಭದಲ್ಲಿ ಹೇಳಿದ 3,18,400 ಪೌಂಡನ್ನು ಹಿಡಿದು, ಒಂದು ಮಗು ಮನೆಗೆ ಹೋದರೆ ಅಷ್ಟೂ ಉಳಿಯಿತು ಎನ್ನುವುದು. ಹಾಗಲ್ಲ. ಆ ದುಬಾರಿ ವಸತಿಗೃಹಗಳಲ್ಲಿ ಇರುವವರು ಹೆಚ್ಚಾಗಿ ದೊಡ್ಡ ಮಕ್ಕಳು. ಚಟದ ಪ್ರಕರಣಗಳಲ್ಲಿ ಬರುವವರು ಹೆಚ್ಚಾಗಿ ಎಳೆಯ ಮಕ್ಕಳು. ಅವರು ಸಾಕುಪೋಷಕರ ಮನೆಗೋ ದತ್ತುವಿಗೋ ಹೋಗುತ್ತಾರೆ, ಅದರ ಖರ್ಚು ತುಂಬಾ ಕಡಿಮೆ. ದತ್ತುವಾದ ಮೇಲಂತೂ ಸರ್ಕಾರದ ಖರ್ಚು ಬಹುಪಾಲು ನಿಲ್ಲುತ್ತದೆ. ಬರೀ ದುಡ್ಡಿನ ಕಣ್ಣಲ್ಲಿ ನೋಡಿದರೆ ದತ್ತುವೂ ಅಗ್ಗವೇ! ಈ ಕೋರ್ಟಿನ ಪರ ವಾದವನ್ನು ಹಣದ ಮೇಲೆ ಮಾತ್ರ ನಿಲ್ಲಿಸಿದರೆ ಅದು ಒಂದು ದಿನ ತಿರುಗುಬಾಣವಾಗುತ್ತದೆ. ಆದರೆ ಇನ್ನೊಂದು ಕಡೆಯೂ ಇದೆ. ಇಂದು ಕೂಸಾಗಿರುವಾಗ ಸರಿಯಾದ ನಿರ್ಧಾರ ಸಿಗದೆ ಮನೆಯಿಂದ ಮನೆಗೆ ಅಲೆದ ಮಗುವೇ ಹದಿಮೂರು ಹದಿನಾಲ್ಕಕ್ಕೆ ಆ ದುಬಾರಿ ವಸತಿಗೃಹ ಸೇರುವ ಸಂಭವ ಹೆಚ್ಚು. ಆ ಉಳಿತಾಯ ಐದು ವರ್ಷದ ಲೆಕ್ಕದೊಳಗೆ ಬರುವುದೇ ಇಲ್ಲ.

ಹಾಕುವವರು ಒಬ್ಬರು, ಉಳಿಯುವುದು ಇನ್ನೊಬ್ಬರಿಗೆ

ಈಗ ಮೊದಲ ಪ್ರಶ್ನೆಗೆ ಬರೋಣ. ಉಳಿತಾಯ ನಿಜವಾದರೆ ದುಡ್ಡು ಯಾಕಿಲ್ಲ?

ಇಂಗ್ಲೆಂಡಿನಲ್ಲಿ ತಂಡದ ಸಂಬಳ ಹೆಚ್ಚಾಗಿ ಬರುವುದು ಸ್ಥಳೀಯ ಕೌನ್ಸಿಲ್‌ನಿಂದ. ಉಳಿತಾಯ ಹಂಚಿಹೋಗುತ್ತದೆ. ಆಸ್ಪತ್ರೆಯ ಉಳಿತಾಯ ಆರೋಗ್ಯ ಇಲಾಖೆಗೆ. ಜೈಲು, ಕೋರ್ಟು, ಸರ್ಕಾರಿ ವಕೀಲರ ನೆರವಿನ ಉಳಿತಾಯ ಕಾನೂನು ಇಲಾಖೆಗೆ. ಕೌನ್ಸಿಲ್‌ಗೆ ಬರುವುದು ಅದರ ಒಂದು ಪಾಲು, ಅದೂ ಐದು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ. ಖರ್ಚು ಮಾತ್ರ ಈ ವರ್ಷದ ಬಜೆಟ್‌ನಲ್ಲೇ ತೋರಿಸಬೇಕು.

ಆ ಪಾಲೂ ಕೈಗೆ ನಗದಾಗಿ ಬರುವುದಿಲ್ಲ. ಎರಡು ಮಕ್ಕಳು ಮನೆಗೆ ಹೋದರು ಅಂತ ಒಬ್ಬ ಅಧಿಕಾರಿಯ ಹುದ್ದೆ ರದ್ದಾಗುವುದಿಲ್ಲ. ಖಾಲಿಯಾದ ಸಾಕುಮನೆಗೆ ಸಾಲಿನಲ್ಲಿ ಕಾಯುತ್ತಿರುವ ಇನ್ನೊಂದು ಮಗು ಬರುತ್ತದೆ. ಇಂಗ್ಲೆಂಡಿನಲ್ಲಿ 2024ರ ಮಾರ್ಚ್ ಕೊನೆಗೆ ಸರ್ಕಾರದ ಆರೈಕೆಯಲ್ಲಿದ್ದ ಮಕ್ಕಳು 83 ಸಾವಿರಕ್ಕೂ ಹೆಚ್ಚು. ಹಾಗಾಗಿ ಲೆಕ್ಕಪತ್ರದಲ್ಲಿ ಉಳಿತಾಯ ಕಂಡರೂ ಖಜಾಂಚಿಗೆ ಕಾಣುವುದು ಖರ್ಚು ಮಾತ್ರ. 2023ರ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಂಥ ದೊಡ್ಡ ಕೌನ್ಸಿಲ್ಲೇ ಬಜೆಟ್ ಸರಿದೂಗಿಸಲು ಆಗುತ್ತಿಲ್ಲ ಎಂದು ಅಧಿಕೃತ ನೋಟಿಸ್ ಹೊರಡಿಸಿತು. ಅಂಥ ಹೊತ್ತಿನಲ್ಲಿ ಕಾನೂನು ಕಡ್ಡಾಯ ಮಾಡಿದ ಕೆಲಸಕ್ಕೆ ಮೊದಲು ಹಣ. ಈ ವಿಶೇಷ ಕೋರ್ಟು ಕಡ್ಡಾಯದ ಪಟ್ಟಿಯಲ್ಲಿಲ್ಲ.

ಅಮೆರಿಕದಲ್ಲಿ ಗಂಟು ಬೇರೆ ಥರದ್ದು. ಮಗುವನ್ನು ಹೊರಗೆ ಇಟ್ಟರೆ ರಾಜ್ಯಗಳಿಗೆ ಕೇಂದ್ರದ ಹಣ ಬರುತ್ತಿತ್ತು. ತಾಯಿಗೆ ಚಿಕಿತ್ಸೆ ಕೊಟ್ಟು ಮಗುವನ್ನು ಮನೆಯಲ್ಲೇ ಉಳಿಸಲು ಅದೇ ಖಾತೆಯಿಂದ ಹಣ ಇರಲಿಲ್ಲ. 2018ರ ಕಾಯ್ದೆ ಇದನ್ನು ಸಡಿಲಿಸಿತು. ಈಗ ಆ ಖಾತೆಯಿಂದಲೇ ಚಟದ ಚಿಕಿತ್ಸೆಗೆ 12 ತಿಂಗಳವರೆಗೆ ಹಣ ಪಡೆಯಬಹುದು. ತಾಯಿ ಮಗು ಒಟ್ಟಿಗೆ ಉಳಿಯುವ ಚಿಕಿತ್ಸಾ ಕೇಂದ್ರಗಳಿಗೂ ನೆರವಿದೆ. ಇದು ಬೇಕಾಗಿತ್ತು. ಮಕ್ಕಳನ್ನು ಮನೆಯಿಂದ ತೆಗೆಯಲು ಪೋಷಕರ ಚಟ ಒಂದು ಕಾರಣ ಎಂದು ದಾಖಲಾದ ಪ್ರಕರಣಗಳು ಅಲ್ಲಿ 2000ದಲ್ಲಿ 18.5% ಇದ್ದದ್ದು 2019ರಲ್ಲಿ 38.9% ಆಗಿತ್ತು.

ವಿರೋಧದ ಮಾತುಗಳು

ವಿರೋಧಿಸುವವರೆಲ್ಲ ಒಂದೇ ಕಾರಣಕ್ಕೆ ವಿರೋಧಿಸುತ್ತಿಲ್ಲ.

ಮಗುವಿನ ಸುರಕ್ಷತೆಯ ಬಗ್ಗೆ ಯೋಚಿಸುವವರು ಕೇಳುತ್ತಾರೆ: ತಾಯಿಗೆ ಮತ್ತೊಂದು ಅವಕಾಶ ಕೊಡುವ ಆಸೆಯಲ್ಲಿ ಮಗುವನ್ನು ಪ್ರಯೋಗಕ್ಕೆ ಒಡ್ಡುತ್ತಿದ್ದೇವೆಯೇ? ತೂಕದ ಪ್ರಶ್ನೆ ಇದು. 2019ರ ಒಟ್ಟು ವಿಶ್ಲೇಷಣೆಯಲ್ಲಿ, ಮನೆಗೆ ಮರಳಿದ ಮೇಲೆ ಮತ್ತೆ ದೂರು ಬರುವುದಾಗಲಿ ಮತ್ತೆ ಮಗುವನ್ನು ತೆಗೆಯುವುದಾಗಲಿ ವಿಶೇಷ ಕೋರ್ಟಿನ ಕುಟುಂಬಗಳಲ್ಲಿ ಗಮನಾರ್ಹವಾಗಿ ಹೆಚ್ಚಿರಲಿಲ್ಲ. ಹೆಚ್ಚು ಮಕ್ಕಳನ್ನು ಕಳಿಸಿದರೂ ಅಪಾಯ ಹೆಚ್ಚಾಗಲಿಲ್ಲ ಎಂದಾಯಿತು. ಇನ್ನೊಂದು ಮಾತನ್ನೂ ಸೇರಿಸಬೇಕು. ಈ ಕೋರ್ಟಿನಲ್ಲಿ ಆಗದ ತಾಯಿಗೆ ಆಗುವುದಿಲ್ಲ ಎಂಬುದೂ ಬೇಗ ಗೊತ್ತಾಗುತ್ತದೆ. ಹದಿನೈದು ದಿನಕ್ಕೊಮ್ಮೆ ತಾನೇ ಮಾತಾಡಿದವಳು ಎಷ್ಟೋ ಸಲ ಆ ನಿರ್ಧಾರವನ್ನು ಜಗಳವಿಲ್ಲದೆ ಒಪ್ಪುತ್ತಾಳೆ. ಮಗು ಕಾಯುವುದು ತಪ್ಪುತ್ತದೆ.

ಎದುರು ದಿಕ್ಕಿನಿಂದ ಬರುವ ಟೀಕೆ ಒತ್ತಾಯದ್ದು. ಮಗು ಹೋಗುತ್ತದೆ ಎಂಬ ಹೆದರಿಕೆಯ ಕೆಳಗೆ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ? ವಕೀಲರಿಲ್ಲದ ಭೇಟಿಯಲ್ಲಿ ಆಡಿದ ಮಾತು ಮುಂದೆ ಅವಳ ವಿರುದ್ಧವೇ ಬಂದರೆ? ಅಮೆರಿಕದ ಕೆಲವು ಕೋರ್ಟುಗಳಲ್ಲಿ ತಪ್ಪಿದವರಿಗೆ ಒಂದೆರಡು ದಿನ ಜೈಲಿಗೆ ಹಾಕುವ ಪದ್ಧತಿಯೂ ಇತ್ತು. ಅದು ಚಿಕಿತ್ಸೆಯ ಹೆಸರಿನಲ್ಲಿ ಶಿಕ್ಷೆ, ತಾಯಿ ಮಗು ಇಬ್ಬರಿಗೂ ಕೆಡುಕು. ಇಂಗ್ಲೆಂಡಿನ ಮಾದರಿ ಅದನ್ನು ಕೈಬಿಟ್ಟಿದ್ದು ಒಳ್ಳೆಯದೇ ಆಯಿತು.

ಔಷಧದ ವಿಷಯದಲ್ಲಿ ಇನ್ನೊಂದು ಜಗಳ. ಹೆರಾಯಿನ್‌ನಂಥ ಚಟಕ್ಕೆ ಮೆಥಡೋನ್, ಬ್ಯುಪ್ರೆನಾರ್ಫಿನ್ ಎಂಬ ಔಷಧಗಳು ಜೀವ ಉಳಿಸುತ್ತವೆ ಎಂಬುದಕ್ಕೆ ಗಟ್ಟಿ ಆಧಾರವಿದೆ. ಆದರೂ ಒಂದು ನಶೆ ಬಿಟ್ಟು ಇನ್ನೊಂದನ್ನು ಹಿಡಿದಂತೆ ಎಂದು ಅಮೆರಿಕದ ಕೆಲವು ಕೋರ್ಟುಗಳು ಆ ಔಷಧವನ್ನೇ ನಿಲ್ಲಿಸಲು ಹೇಳುತ್ತಿದ್ದವು. ವೈದ್ಯರು ಬರೆದುಕೊಟ್ಟ ಈ ಔಷಧ ತೆಗೆದುಕೊಳ್ಳುವವರನ್ನು ಹೊರಗಿಡುವುದು ಅಂಗವಿಕಲರ ಹಕ್ಕಿನ ಕಾಯ್ದೆಗೆ ವಿರುದ್ಧ ಎಂದು ಅಲ್ಲಿನ ನ್ಯಾಯ ಇಲಾಖೆ 2022ರ ಏಪ್ರಿಲ್‌ನಲ್ಲಿ ಸ್ಪಷ್ಟ ಮಾಡಬೇಕಾಯಿತು. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಬಿಡಿ ಅಂತ ಯಾವ ನ್ಯಾಯಾಧೀಶರೂ ಹೇಳುವುದಿಲ್ಲ ತಾನೆ?

ಕರ್ನಾಟಕದಿಂದ ನೋಡಿದರೆ

ನಮ್ಮಲ್ಲಿ ಇಂಥ ಕೋರ್ಟಿಲ್ಲ. ಚಿತ್ರವೂ ಬೇರೆ. ಇಲ್ಲಿ ಮುಖ್ಯ ಚಟ ಹೆಂಡ, ಚಟಕ್ಕೆ ಬೀಳುವವರು ಹೆಚ್ಚಾಗಿ ಗಂಡಸರು. ಮಕ್ಕಳನ್ನು ತಾಯಿಯೋ ಅಜ್ಜಿಯೋ ಸಾಕಿಕೊಂಡು ಹೋಗುತ್ತಾರೆ. ಹಾಗಾಗಿ ಮಗುವಿನ ಪಾಡು ಸರ್ಕಾರದ ಕಣ್ಣಿಗೆ ಬೀಳುವುದೇ ಕಡಿಮೆ. 2015ರ ಬಾಲನ್ಯಾಯ ಕಾಯ್ದೆಯಡಿ ಜಿಲ್ಲೆಗೊಂದು ಮಕ್ಕಳ ಕಲ್ಯಾಣ ಸಮಿತಿ ಇದೆ. ಸಾಕಲು ಶಕ್ತಿಯಿಲ್ಲದ ಪೋಷಕರ ಮಗುವಿನ ರಕ್ಷಣೆಗೆ ಅದು ಆದೇಶ ಕೊಡಬಹುದು. ಚಟದ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದೇಶಕ್ಕೇ ಹೆಸರಾದ ಕೇಂದ್ರವಿದೆ. ಆದರೆ ತಂದೆ ಚಿಕಿತ್ಸೆಗೆ ಹೋದನೇ, ಬಿಟ್ಟನೇ, ಮತ್ತೆ ಬಿದ್ದನೇ ಎಂದು ಹದಿನೈದು ದಿನಕ್ಕೊಮ್ಮೆ ಕೇಳಿ, ಮಗುವಿನ ನಿರ್ಧಾರಕ್ಕೆ ಅದನ್ನು ಜೋಡಿಸುವ ಕೊಂಡಿ ನಮ್ಮ ವ್ಯವಸ್ಥೆಯಲ್ಲಿ ಇಲ್ಲ. 2025-26ರಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟ ರಾಜ್ಯ ನಮ್ಮದು. ಕುಡಿತದ ಖರ್ಚನ್ನು ಹೊರುತ್ತಿರುವುದು ಸರ್ಕಾರದ ಯಾವ ಇಲಾಖೆಯೂ ಅಲ್ಲ, ಆ ತಾಯಿ ಮತ್ತು ಅಜ್ಜಿ. ಹಾಗಾಗಿ ಇಲ್ಲಿ ಉಳಿತಾಯದ ಲೆಕ್ಕ ಹಾಕುವವರೂ ಇಲ್ಲ.

ಮುಂದೆ ಏನಾಗಬಹುದು

ಇಂಗ್ಲೆಂಡಿನಲ್ಲಿ ಎರಡು ದಾರಿ ಕಾಣುತ್ತವೆ. ಒಂದು, ಆರೋಗ್ಯ, ನ್ಯಾಯ, ಶಿಕ್ಷಣ ಇಲಾಖೆಗಳು ಸೇರಿ ಕೇಂದ್ರದಿಂದಲೇ ಹಣ ಕೊಡುವುದು. ಉಳಿತಾಯ ಯಾರಿಗೋ ಅವರೇ ಖರ್ಚು ಹೊರುವುದು ಎಂಬ ಸರಳ ತತ್ವ ಇದು. ಲಂಡನ್ ಪ್ರಯೋಗ 2008ರಲ್ಲಿ ಶುರುವಾದದ್ದೇ ಹೀಗೆ, ಕೇಂದ್ರದ ಇಲಾಖೆಗಳ ಹಣವೂ ಸೇರಿ. ಇನ್ನೊಂದು, ಈಗಿನಂತೆ ಒಂದೊಂದು ಕೌನ್ಸಿಲ್ ತನ್ನ ಕೈಲಾದಷ್ಟು ಮಾಡುವುದು.

ಎರಡನೆಯದೇ ಮುಂದುವರಿದರೆ ಪರಿಣಾಮ ಹೇಗಿರುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಗುತ್ತಿಗೆ ಮುಗಿಯುವ ತಿಂಗಳು ಹತ್ತಿರವಾದಂತೆ ತಂಡದ ಜನ ಬೇರೆ ಕೆಲಸ ಹುಡುಕುತ್ತಾರೆ. ಹೊಸ ಪ್ರಕರಣ ತೆಗೆದುಕೊಳ್ಳುವುದು ನಿಲ್ಲುತ್ತದೆ, ಯಾಕೆಂದರೆ ಆರು ತಿಂಗಳು ಇರುತ್ತೇವೆ ಎಂಬ ಖಾತರಿ ಇಲ್ಲದೆ ಒಬ್ಬ ತಾಯಿಯ ಕೈ ಹಿಡಿಯುವ ಹಾಗಿಲ್ಲ. ಒಂದು ಸಲ ಚದುರಿದ ತಂಡವನ್ನು ಮತ್ತೆ ಕಟ್ಟಲು ಹಣ ಬಂದ ಮೇಲೂ ವರ್ಷ ಬೇಕು.

ಇಂಗ್ಲೆಂಡಿನಲ್ಲಿ ಮಕ್ಕಳ ಸೇವೆಯ ಹೊಣೆ ಹೊತ್ತ ಸ್ಥಳೀಯ ಆಡಳಿತಗಳು 153. ಈ ಕೋರ್ಟು ಇರುವುದು ಅವುಗಳ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಕಡೆ. ಒಂದೇ ವಾರ ಹುಟ್ಟಿದ ಎರಡು ಕೂಸು, ಇಬ್ಬರ ತಾಯಂದಿರಿಗೂ ಒಂದೇ ಚಟ, ಮನೆಗಳ ನಡುವೆ ಒಂದು ಕೌನ್ಸಿಲ್‌ನ ಗಡಿ. ಒಬ್ಬಳನ್ನು ಹದಿನೈದು ದಿನಕ್ಕೊಮ್ಮೆ ನ್ಯಾಯಾಧೀಶರು ಹೆಸರು ಹಿಡಿದು ಮಾತಾಡಿಸುತ್ತಾರೆ. ಇನ್ನೊಬ್ಬಳ ಕೈಯಲ್ಲಿ ಕಚೇರಿಗಳ ಪಟ್ಟಿ ಇದೆ. 26 ವಾರದ ಗಡುವು ಮಾತ್ರ ಇಬ್ಬರಿಗೂ ಒಂದೇ.